ಪೆಟ್ಟಿಗೆಯ ಮೇಲಿನ 8192

ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ. ಈ ಊರುಗಳಲ್ಲಿ ಚಿತ್ರ ಬರೆದು ಬದುಕುವವರನ್ನು ಹುಡುಕಿಕೊಂಡು ಹೊರಟರೆ ಈಗ ಫ್ಲೆಕ್ಸ್ ಅಂಗಡಿಗೋ ಡಿಟಿಪಿ ಸೆಂಟರಿಗೋ ಹೋಗಬೇಕು. ಲಾರಿಯ ಹಿಂಬದಿಗೆ, ಹೋಟೆಲಿನ ಬೋರ್ಡಿಗೆ, ಟಾಕೀಸಿನ ಗೋಡೆಗೆ ಬಣ್ಣ ಬಳಿಯುತ್ತಿದ್ದ ಪೇಂಟರುಗಳ ಜಾಗದಲ್ಲಿ ಈಗ ಕಂಪ್ಯೂಟರಿನ ಮುಂದೆ ಹುಡುಗರು ಕೂತಿದ್ದಾರೆ. ಚುಂಚನಕಟ್ಟೆ ಜಾತ್ರೆಯ ಬ್ಯಾನರು, ಹುಣಸೂರಿನ ಹನುಮ ಜಯಂತಿಯ ಕಟೌಟು, ಮದುವೆಯ ಲಗ್ನಪತ್ರಿಕೆ, ಹೊಸ ಬೇಕರಿಯ ಬೋರ್ಡು, ಎಲ್ಲವೂ ಅಲ್ಲೇ ಹುಟ್ಟುತ್ತವೆ. ಬಹುಪಾಲು ಕೆಲಸ ನಡೆಯುವುದು ಮೌಸಿನಲ್ಲಿ. ಇಂಟರ್ನೆಟ್ಟಿನಿಂದ ಇಳಿಸಿಕೊಂಡ ಆಂಜನೇಯನನ್ನು ಕತ್ತರಿಸಿ, ಹಿನ್ನೆಲೆ ಅಳಿಸಿ, ಅಕ್ಷರ ಕೂರಿಸುವುದಕ್ಕೆ ಮೌಸು ಸಾಕು. ಆಂಜನೇಯನನ್ನು ತಾನೇ ಬರೆಯಬೇಕು ಎಂದು ಯಾವನಾದರೂ ಹುಡುಗನಿಗೆ ಆಸೆ ಹುಟ್ಟಿದ ದಿನ ಫಜೀತಿ ಶುರುವಾಗುತ್ತದೆ. ಬಾಲದ ಒಂದು ತಿರುವು ಬರೆಯುವುದರೊಳಗೆ ಮಣಿಕಟ್ಟು ಸೋಲುತ್ತದೆ, ಗೆರೆ ಮಾತ್ರ ಬುಡದಿಂದ ತುದಿಯವರೆಗೆ ಒಂದೇ ದಪ್ಪ.

ತಪ್ಪು ಕೈಯದಲ್ಲ. ಮೌಸಿಗೆ ತಿಳಿಯುವುದು ಎರಡೇ ಸಂಗತಿ: ತಾನು ಇದ್ದ ಕಡೆಯಿಂದ ಎಷ್ಟು ಸರಿದೆ, ಗುಂಡಿ ಒತ್ತಿದೆಯೋ ಇಲ್ಲವೋ. ಮೇಜಿನ ಮೇಲೆ ತಾನು ಎಲ್ಲಿದ್ದೇನೆ ಎಂಬುದೇ ಅದಕ್ಕೆ ಗೊತ್ತಿಲ್ಲ. ಎತ್ತಿ ಬೇರೆ ಕಡೆ ಇಟ್ಟರೂ ಪರದೆಯ ಮೇಲಿನ ಬಾಣ ಕದಲುವುದಿಲ್ಲ. ಬೆರಳು ಎಷ್ಟು ಬಿರುಸಾಗಿ ಒತ್ತಿತು ಎಂಬ ಸುದ್ದಿಯಂತೂ ಅದಕ್ಕೆ ಮುಟ್ಟುವುದೇ ಇಲ್ಲ. ಪೆನ್ನಿನಿಂದ ಬರೆಯುವ ಹಲಗೆ, ಅಂದರೆ ಗ್ರಾಫಿಕ್ಸ್ ಟ್ಯಾಬ್ಲೆಟ್ಟು, ಇದಕ್ಕೆ ತದ್ವಿರುದ್ಧ. ಹಲಗೆಯ ಎಡ ಮೂಲೆ ಎಂದರೆ ಪರದೆಯ ಎಡ ಮೂಲೆ. ಪೆನ್ನು ಎಲ್ಲಿದೆ, ಎಷ್ಟು ಒತ್ತಿದೆ ಎಂಬ ವರದಿ ಪ್ರತಿ ಸೆಕೆಂಡಿಗೆ ನೂರಾರು ಬಾರಿ ಕಂಪ್ಯೂಟರಿಗೆ ಹೋಗುತ್ತಿರುತ್ತದೆ. ದುಬಾರಿ ಪೆನ್ನಾದರೆ ಎತ್ತ ವಾಲಿದೆ ಎಂಬುದನ್ನೂ ಹೇಳುತ್ತದೆ.

ಇಲ್ಲಿಯವರೆಗೆ ತಕರಾರಿಲ್ಲ. ಕೊಳ್ಳಲು ಹೋದಾಗ ಗೊಂದಲ. ಪೆಟ್ಟಿಗೆಯ ಮೇಲೆ ದಪ್ಪ ಅಕ್ಷರದಲ್ಲಿ ‘8192 ಒತ್ತಡ ಹಂತಗಳು’ ಎಂದಿರುತ್ತದೆ. ಪಕ್ಕದ ಪೆಟ್ಟಿಗೆಯಲ್ಲಿ 4096, ಇನ್ನೊಂದರಲ್ಲಿ 2048. ಆಮೇಲೆ 5080, 2540, 233, 133 ಎಂಬ ಅಂಕಿಗಳ ಸಾಲು. ಹೆಚ್ಚಿದ್ದದ್ದೇ ಒಳ್ಳೆಯದು ಎಂದುಕೊಂಡು ಹುಡುಗ ದುಡ್ಡು ಕೊಡುತ್ತಾನೆ. ಆ ಅಂಕಿಗಳಲ್ಲಿ ಯಾವುದು ಕೈಗೆ ತಿಳಿಯುತ್ತದೆ, ಯಾವುದು ಪೆಟ್ಟಿಗೆಗೆ ಮಾತ್ರ ಚೆಂದ ಎಂದು ತಿಳಿಯಬೇಕಾದರೆ ಪೆನ್ನಿನ ಹೊಟ್ಟೆಯೊಳಗೆ ಏನಿದೆ ಎಂದು ನೋಡಬೇಕು.

ಕೈಬರಹವನ್ನು ವಿದ್ಯುತ್ತಾಗಿ ಮಾಡುವ ಆಸೆ ಹಳೆಯದು. 1888ರಲ್ಲೇ ಅಮೆರಿಕದ ಎಲಿಷಾ ಗ್ರೇ ಟೆಲಾಟೋಗ್ರಾಫ್ ಎಂಬ ಯಂತ್ರಕ್ಕೆ ಪೇಟೆಂಟು ಪಡೆದಿದ್ದ. ಈ ತುದಿಯಲ್ಲಿ ಸಹಿ ಹಾಕಿದರೆ ತಂತಿಯ ಆ ತುದಿಯಲ್ಲಿ ಇನ್ನೊಂದು ಪೆನ್ನು ಅದೇ ಸಹಿಯನ್ನು ಬರೆಯುತ್ತಿತ್ತು. ಇಂದಿನ ಟ್ಯಾಬ್ಲೆಟ್ಟಿನ ನೇರ ಪೂರ್ವಜ ಬಂದದ್ದು 1964ರಲ್ಲಿ, ಕ್ಯಾಲಿಫೋರ್ನಿಯಾದ ರ‍್ಯಾಂಡ್ ಸಂಸ್ಥೆಯಿಂದ. ಹತ್ತೂಕಾಲು ಇಂಚು ಅಗಲ, ಅಷ್ಟೇ ಎತ್ತರದ ಹಲಗೆ. ಅಡ್ಡಕ್ಕೆ 1024, ಉದ್ದಕ್ಕೆ 1024 ಗೆರೆಗಳು. ಎಂದರೆ ಹತ್ತು ಲಕ್ಷಕ್ಕೂ ಮೀರಿದ ಬಿಂದುಗಳು. ಬೆಲೆ 18,000 ಡಾಲರ್. ಪೆನ್ನಿಗೆ ಬಾಲದಂತೆ ಒಂದು ತಂತಿ.

ಆ ತಂತಿಯನ್ನು ಕಿತ್ತುಹಾಕಿದ ಕೀರ್ತಿ 1983ರಲ್ಲಿ ಜಪಾನಿನಲ್ಲಿ ಶುರುವಾದ ವಾಕಾಮ್ ಕಂಪನಿಯದು. ಮರುವರ್ಷವೇ ಅದು ತಂತಿಯಿಲ್ಲದ ಪೆನ್ನಿನ ಟ್ಯಾಬ್ಲೆಟ್ ತಂದಿತು. ಮುಂದೆ ಪೆನ್ನಿನೊಳಗೆ ಸೆಲ್ಲೂ ಬೇಡವೆನ್ನುವ ವಿದ್ಯೆಯನ್ನು ತನ್ನ ಪೇಟೆಂಟುಗಳ ಬೇಲಿಯೊಳಗೆ ಕಾಪಾಡಿಕೊಂಡಿತು. ಬೇರೆಯವರ ಪೆನ್ನುಗಳಿಗೆ ಸೆಲ್ ಹಾಕಬೇಕಿತ್ತು, ಇಲ್ಲವೇ ಚಾರ್ಜ್ ಮಾಡಬೇಕಿತ್ತು. ಪೇಟೆಂಟಿನ ಅವಧಿ ಸಾಮಾನ್ಯವಾಗಿ 20 ವರ್ಷ. ಹಳೆಯವು ಒಂದೊಂದಾಗಿ ಮುಗಿದಂತೆ ಹುಯಿಯಾನ್, ಎಕ್ಸ್‌ಪಿ-ಪೆನ್, ಗಾವೊಮಾನ್ ಮುಂತಾದವರೂ ಸೆಲ್ಲಿಲ್ಲದ ಪೆನ್ನು ಮಾಡತೊಡಗಿದರು. ಕೆಲವೇ ಸಾವಿರ ರೂಪಾಯಿಗೆ ಒಳ್ಳೆಯ ಪೆನ್ ಟ್ಯಾಬ್ಲೆಟ್ಟು ಹುಣಸೂರಿನ ಮನೆಬಾಗಿಲಿಗೆ ಕೊರಿಯರಿನಲ್ಲಿ ಬರುವಂತಾದದ್ದು ಹಾಗೆ.

ಸೆಲ್ಲಿಲ್ಲದ ಪೆನ್ನಿಗೆ ಜೀವ ಎಲ್ಲಿಂದ? ಉತ್ತರ ಹಳೆಯ ರೇಡಿಯೋದಲ್ಲಿದೆ. ಮಹಾರಾಜ ಕಾಲೇಜಿನಲ್ಲಿ ಮನಶ್ಶಾಸ್ತ್ರ ಕಲಿಸುತ್ತಿದ್ದ ಎಂ.ವಿ. ಗೋಪಾಲಸ್ವಾಮಿ 1935ರಲ್ಲಿ ಮೈಸೂರಿನ ತಮ್ಮ ಮನೆಯಲ್ಲೇ ಬಾನುಲಿ ಕೇಂದ್ರವೊಂದನ್ನು ಶುರುಮಾಡಿದರಲ್ಲ, ‘ಆಕಾಶವಾಣಿ’ ಎಂಬ ಹೆಸರು ಹೊತ್ತದ್ದು, ಅದನ್ನು ಕೇಳಲು ಜನ ಯಾವ ಮಂಡಲವನ್ನು ತಿರುಗಿಸುತ್ತಿದ್ದರೋ ಅದೇ ಮಂಡಲ ಇಂದಿನ ಪೆನ್ನಿನೊಳಗಿದೆ. ಒಂದು ತಾಮ್ರದ ಸುರುಳಿ, ಒಂದು ಕಂಡೆನ್ಸರ್, ಅಷ್ಟೇ. ಇವೆರಡನ್ನು ಜೋಡಿಸಿದರೆ ವಿದ್ಯುತ್ತು ಒಂದರಿಂದ ಇನ್ನೊಂದಕ್ಕೆ ಹೋಗಿಬಂದು ಮಾಡುತ್ತ ತನ್ನದೇ ಒಂದು ಕಂಪನಾಂಕದಲ್ಲಿ ಆಡುತ್ತದೆ. ಹೊರಗಿನಿಂದ ಅದೇ ಕಂಪನಾಂಕದ ಅಲೆ ಬಂದರೆ ಮಂಡಲ ಮೈದುಂಬಿ ಸ್ಪಂದಿಸುತ್ತದೆ, ಬೇರೆಯದಕ್ಕೆ ಕಿವಿಗೊಡುವುದಿಲ್ಲ. ಇದೇ ಅನುರಣನ.

ಟ್ಯಾಬ್ಲೆಟ್ಟಿನ ಹಲಗೆಯ ಕೆಳಗೆ ಅಡ್ಡಕ್ಕೂ ಉದ್ದಕ್ಕೂ ತಾಮ್ರದ ತಂತಿಗಳ ಬಲೆ ಇರುತ್ತದೆ. ಆ ತಂತಿಗಳಿಗೆ ಹಲಗೆ ನೂರಾರು ಕಿಲೋಹರ್ಟ್ಸ್ ಕಂಪನಾಂಕದ ವಿದ್ಯುತ್ತನ್ನು ಹರಿಸುತ್ತದೆ. ರೇಡಿಯೋದ ಮೀಡಿಯಂ ವೇವ್ ಪಟ್ಟಿ ಶುರುವಾಗುವ ಆಸುಪಾಸು ಎನ್ನಬಹುದು. ಮೇಲಿರುವ ಪೆನ್ನಿನ ಸುರುಳಿ ಆ ಕಾಂತಕ್ಷೇತ್ರದಿಂದ ಚೂರು ಶಕ್ತಿ ಹೀರಿಕೊಂಡು ಆಡತೊಡಗುತ್ತದೆ. ಕಣ್ಣು ಮುಚ್ಚಿ ತೆರೆಯುವುದಕ್ಕೂ ಎಷ್ಟೋ ಮೊದಲೇ ಹಲಗೆ ಕಳಿಸುವುದನ್ನು ನಿಲ್ಲಿಸಿ ಕೇಳುವುದಕ್ಕೆ ತೊಡಗುತ್ತದೆ. ಪೆನ್ನು ಹೀರಿದ್ದನ್ನು ಈಗ ತಿರುಗಿ ಸೂಸುತ್ತಿರುತ್ತದೆ. ಯಾವ ತಂತಿಯಲ್ಲಿ ದನಿ ಜೋರಾಗಿ ಕೇಳಿತೋ ಪೆನ್ನು ಅದರ ಮೇಲಿದೆ. ಪೆನ್ನು ಹಲಗೆಗೆ ತಾಗಲೂ ಬೇಕಿಲ್ಲ. ಒಂದು ಸೆಂಟಿಮೀಟರಿನಷ್ಟು ಮೇಲಿದ್ದರೂ ಬಾಣ ಪರದೆಯಲ್ಲಿ ಹಿಂಬಾಲಿಸುತ್ತದೆ.

ಒತ್ತಡ ತಿಳಿಯುವ ಬಗೆ ನನಗೆ ಇನ್ನೂ ಇಷ್ಟ. ಪೆನ್ನಿನ ಮೊನೆ ಒಳಗೆ ಕೂದಲೆಳೆಯಷ್ಟು ಸರಿಯುತ್ತದೆ. ಸರಿದಾಗ ಕೆಲವು ಪೆನ್ನುಗಳಲ್ಲಿ ಸುರುಳಿಯ ನಡುವಿನ ಫೆರೈಟ್ ತುಂಡು ಜರುಗುತ್ತದೆ, ಕೆಲವುಗಳಲ್ಲಿ ಕಂಡೆನ್ಸರಿನ ಬೆಲೆ ಬದಲಾಗುತ್ತದೆ. ಯಾವುದಾದರೂ ಫಲ ಒಂದೇ: ಮಂಡಲದ ಕಂಪನಾಂಕ ತುಸು ಜಾರುತ್ತದೆ. ಹಲಗೆ ಆ ಜಾರುವಿಕೆಯನ್ನು ಅಳೆದು ಒತ್ತಡ ಎಂದು ಬರೆದುಕೊಳ್ಳುತ್ತದೆ. ರೇಡಿಯೋದ ಗುಂಡಿ ತಿರುಗಿಸಿದಾಗ ಸ್ಟೇಷನ್ ಬದಲಾಗುವುದೂ ಇದೇ ಕಾರಣಕ್ಕೆ. ಚಿತ್ರಗಾರ ಬಾಲದ ತಿರುವು ಬರೆಯುತ್ತಾ ಗಟ್ಟಿಯಾಗಿ ಒತ್ತಿದಾಗಲೆಲ್ಲ, ತನಗೆ ತಿಳಿಯದೆ, ಒಂದು ಪುಟ್ಟ ರೇಡಿಯೋದ ಸ್ಟೇಷನ್ ಬದಲಿಸುತ್ತಿರುತ್ತಾನೆ.

ಈಗ ಆ 8192. ಎರಡನ್ನು ಹದಿಮೂರು ಸಲ ಗುಣಿಸಿದರೆ ಬರುವ ಸಂಖ್ಯೆ ಅದು. ಒತ್ತಡವನ್ನು 13 ಬಿಟ್ಟಿನಲ್ಲಿ ಬರೆದಿದ್ದಾರೆ ಎಂದಷ್ಟೇ ಅರ್ಥ. 4096 ಎಂದರೆ 12 ಬಿಟ್ಟು, 2048 ಎಂದರೆ 11. ಇಷ್ಟು ಹಂತಗಳನ್ನು ಚಿತ್ರ ಏನು ಮಾಡಿಕೊಳ್ಳುತ್ತದೆ? ಸಾಮಾನ್ಯ ಚಿತ್ರದಲ್ಲಿ ಕೆಂಪು, ಹಸಿರು, ನೀಲಿ ಪ್ರತಿಯೊಂದಕ್ಕೂ ಇರುವುದು 256 ಮಟ್ಟಗಳು. ಒತ್ತಿದಷ್ಟೂ ಬಣ್ಣ ಗಾಢವಾಗಲಿ ಎಂದು ಕುಂಚವನ್ನು ಹೊಂದಿಸಿದರೆ 8192 ಹಂತಗಳು ಕೊನೆಗೆ ಆ 256ರೊಳಗೇ ಅಡಗಬೇಕು. 32 ಹಂತಗಳಿಗೆ ಒಂದು ಮಟ್ಟ. ಒತ್ತಿದಷ್ಟೂ ಗೆರೆ ದಪ್ಪವಾಗಲಿ ಎಂದರೆ, 40 ಪಿಕ್ಸೆಲ್ ದಪ್ಪದ ಕುಂಚದಲ್ಲಿ ಒಂದು ಪಿಕ್ಸೆಲ್ ಹೆಚ್ಚಲು 200 ಹಂತಗಳು ಕಳೆಯಬೇಕು. ಕಣ್ಣಿಗೆ ಕಾಣುವುದಿಲ್ಲ, ಕೈಗೆ ತಿಳಿಯುವುದಿಲ್ಲ. ನಮ್ಮ ಬೆರಳುಗಳಿಗೆ ಒತ್ತಡವನ್ನು ಅಷ್ಟು ಸಣ್ಣಗೆ ಹೆಚ್ಚುಕಡಿಮೆ ಮಾಡುವ ಶಕ್ತಿಯೂ ಇಲ್ಲ. 2048 ಇದ್ದರೆ ಧಾರಾಳ.

5080 ಎಂಬುದೂ ಇದೇ ಜಾತಿಯದು. ಇಂಚಿಗೆ 5080 ಗೆರೆ ಎಂದರೆ ಎರಡು ಗೆರೆಗಳ ನಡುವೆ 0.005 ಮಿಲಿಮೀಟರ್. ಅಷ್ಟು ಒತ್ತಾಗಿ ತಂತಿ ಜೋಡಿಸಿದ್ದಾರೆಂದು ತಿಳಿಯಬೇಡಿ. ತಂತಿಗಳ ನಡುವೆ ಮಿಲಿಮೀಟರುಗಳ ಅಂತರವೇ ಇರುತ್ತದೆ. ಅಕ್ಕಪಕ್ಕದ ತಂತಿಗಳಲ್ಲಿ ದನಿ ಎಷ್ಟೆಷ್ಟು ಕೇಳಿತು ಎಂದು ಹೋಲಿಸಿ ನಡುವಿನ ಜಾಗವನ್ನು ಲೆಕ್ಕ ಹಾಕುತ್ತಾರೆ, 5080 ಆ ಲೆಕ್ಕದ ದಶಮಾಂಶ. ಪೆನ್ನು ನಿಜವಾಗಿ ಇರುವ ಜಾಗಕ್ಕೂ ಹಲಗೆ ಹೇಳುವ ಜಾಗಕ್ಕೂ ಕಾಲು ಮಿಲಿಮೀಟರಿನಷ್ಟು ವ್ಯತ್ಯಾಸ ಇರಬಹುದು ಎಂದು ಅವೇ ಕಂಪನಿಗಳು ಸಣ್ಣಕ್ಷರದಲ್ಲಿ ಬರೆದಿರುತ್ತವೆ. ಎಂದರೆ ದಪ್ಪಕ್ಷರದ ಅಂಕಿಗಿಂತ ಸಣ್ಣಕ್ಷರದ ಅಂಕಿ ಐವತ್ತು ಪಟ್ಟು ಒರಟು.

ಒಂದು ಉದಾಹರಣೆ. ವಾಕಾಮಿನ ಇಂಟುವೊಸ್ ಸಣ್ಣ ಮಾದರಿಯಲ್ಲಿ ಒತ್ತಡದ ಹಂತ 4096, ಇಂಚಿಗೆ 2540 ಗೆರೆ, ಸೆಕೆಂಡಿಗೆ 133 ವರದಿ. ಹುಯಿಯಾನಿನ ಎಚ್640ಪಿ ಎಂಬ ಅಗ್ಗದ ಹಲಗೆಯಲ್ಲಿ ಕ್ರಮವಾಗಿ 8192, 5080, 233. ಕಾಗದದ ಮೇಲೆ ಅಗ್ಗದ್ದೇ ಗೆದ್ದಿತು. ಅಗ್ಗದ್ದು ಕೆಟ್ಟದ್ದೆಂದು ನಾನು ಹೇಳುತ್ತಿಲ್ಲ, ದುಡ್ಡಿಗೆ ಅದು ಒಳ್ಳೆಯ ಮಾಲೇ. ಆದರೆ ಇಷ್ಟು ವರ್ಷ ಬರೆದು ಪಳಗಿದವರು ಎಷ್ಟೋ ಮಂದಿ ಅಂಕಿ ಕಡಿಮೆ ಇರುವುದನ್ನೇ ಹೆಚ್ಚು ದುಡ್ಡು ಕೊಟ್ಟು ಯಾಕೆ ಕೊಳ್ಳುತ್ತಾರೆ ಎಂದು ಕೇಳಿಕೊಳ್ಳಬೇಕು.

ಅವರ ಕೈ ಹುಡುಕುವ ಗುಣಕ್ಕೆ ಪೆಟ್ಟಿಗೆಯ ಮೇಲೆ ಜಾಗವೇ ಇಲ್ಲ: ಗೆರೆ ಶುರುವಾಗಲು ಎಷ್ಟು ಒತ್ತಬೇಕು?

ಮೈಸೂರು ಚಿತ್ರಕಲೆಯ ಹಳಬರ ಕೈಯನ್ನು ಇಲ್ಲಿ ನೆನೆಯಬೇಕು. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಮೆರೆದ, 2005ರಲ್ಲಿ ಭೌಗೋಳಿಕ ಸೂಚಿಕೆಯ ಮಾನ್ಯತೆ ಪಡೆದ ಈ ಕಲೆಯಲ್ಲಿ ಮೊದಲ ರೇಖೆ ಎಳೆಯುತ್ತಿದ್ದುದು ಹುಣಸೆ ಕಡ್ಡಿ ಸುಟ್ಟು ಮಾಡಿಕೊಂಡ ಇದ್ದಿಲಿನಿಂದ. ಆಮೇಲಿನ ಸೂಕ್ಷ್ಮ ಕೆಲಸಕ್ಕೆ ಅಳಿಲಿನ ಕೂದಲಿನ ಕುಂಚ. ದೇವಿಯ ಹುಬ್ಬನ್ನು ಆ ಕುಂಚದಲ್ಲಿ ಬರೆಯುವುದನ್ನು ಹತ್ತಿರದಿಂದ ನೋಡಿ. ತುದಿಯ ಒಂದೆರಡು ಕೂದಲು ಹಲಗೆಗೆ ಸೋಕುತ್ತದೆ, ಅಷ್ಟಕ್ಕೇ ಬಣ್ಣ ಇಳಿಯುತ್ತದೆ, ಹುಬ್ಬಿನ ನಡುವೆ ಕುಂಚ ತುಸು ಬಾಗಿ ಗೆರೆ ಮೈತುಂಬುತ್ತದೆ, ಕೊನೆಯಲ್ಲಿ ಮತ್ತೆ ಎತ್ತಿಕೊಂಡು ಇಲ್ಲವಾಗುತ್ತದೆ. ಇಡೀ ಹುಬ್ಬಿನ ಚೆಲುವು ಆ ಮೊದಲ ಸೋಕು ಮತ್ತು ಕೊನೆಯ ಎತ್ತುವಿಕೆಯಲ್ಲಿದೆ. ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆಯಲ್ಲಿ, ಟಿಬೆಟಿಯನ್ನರ ಮಠಗಳ ತಂಕಾ ಪಟಗಳಲ್ಲೂ ಇದೇ ಸೋಕಿನ ಕೆಲಸ. ಮೋಡದ ಅಂಚು, ಬಟ್ಟೆಯ ಮಡಿಕೆ ಎಲ್ಲ ಕುಂಚ ತಾಗಿತೋ ಇಲ್ಲವೋ ಎನ್ನುವ ಗೆರೆಗಳು.

ಟ್ಯಾಬ್ಲೆಟ್ಟಿನ ಪೆನ್ನಿಗೆ ಆ ಸೋಕು ತಿಳಿಯಬೇಕು. ಒಳ್ಳೆಯ ಪೆನ್ನು ಒಂದೆರಡು ಗ್ರಾಮಿನ ಒತ್ತಡಕ್ಕೇ ಗೆರೆ ಶುರುಮಾಡುತ್ತದೆ. ಸಾಧಾರಣ ಪೆನ್ನು ಹತ್ತು ಗ್ರಾಂ ದಾಟುವವರೆಗೆ ಸುಮ್ಮನಿದ್ದು ಆಮೇಲೆ ಥಟ್ಟನೆ ಎಚ್ಚರಗೊಳ್ಳುತ್ತದೆ. ಅಂಥದ್ದರಲ್ಲಿ ಹುಬ್ಬಿನ ತುದಿ ಮೊಂಡಾಗುತ್ತದೆ. ಆ ಹತ್ತು ಗ್ರಾಮಿನ ಮೇಲಿನದನ್ನು 8192 ತುಂಡು ಮಾಡಿದರೂ, 80,000 ತುಂಡು ಮಾಡಿದರೂ ಕಳೆದುಹೋದ ತುದಿ ಮರಳಿ ಬರುವುದಿಲ್ಲ.

ಇದನ್ನು ಪರೀಕ್ಷಿಸಲು ಯಾವ ಉಪಕರಣವೂ ಬೇಡ. ಇಂಥ ಪೆನ್ನುಗಳ ತೂಕ ಹೆಚ್ಚುಕಡಿಮೆ ಹತ್ತರಿಂದ ಹದಿನೈದು ಗ್ರಾಂ. ಪೆನ್ನಿನ ಹಿಂತುದಿಯನ್ನು ಎರಡು ಬೆರಳಲ್ಲಿ ಸಡಿಲವಾಗಿ ಹಿಡಿದು, ಅದರ ಭಾರ ಮಾತ್ರ ಮೊನೆಯ ಮೇಲೆ ಬೀಳುವಂತೆ ಹಲಗೆಯ ಮೇಲೆ ಎಳೆಯಿರಿ. ಕಡಿಯದೆ ಗೆರೆ ಬಂತೇ, ಪೆನ್ನು ಕೆಲಸಕ್ಕೆ ಬರುತ್ತದೆ. ಇನ್ನಷ್ಟು ಎತ್ತಿ ಹಿಡಿದು ಅರ್ಧ ಭಾರ ಬಿಟ್ಟಾಗಲೂ ಬಂತೇ, ಬಲು ಒಳ್ಳೆಯದು. ಗೆರೆ ಬರಲೇ ಇಲ್ಲವಾದರೆ ಮೊದಲು ಡ್ರೈವರಿನ ಸೆಟ್ಟಿಂಗಿನಲ್ಲಿ ಒತ್ತಡದ ವಕ್ರರೇಖೆಯನ್ನು ಮೆದು ಮಾಡಿ ನೋಡಿ. ಆಗಲೂ ಬರದಿದ್ದರೆ ಪೆಟ್ಟಿಗೆಯ ಅಂಕಿ ಎಷ್ಟೇ ಇರಲಿ, ಆ ಪೆನ್ನನ್ನು ಅಂಗಡಿಯಲ್ಲೇ ಬಿಟ್ಟು ಬನ್ನಿ.

ಎರಡನೆಯ ಪರೀಕ್ಷೆ ನಮ್ಮ ಲಿಪಿಯೇ ಕೊಟ್ಟದ್ದು. ಕನ್ನಡದ ‘ಠ’ ಬರೆಯಿರಿ. ದೊಡ್ಡದಾಗಿ, ನಿಧಾನವಾಗಿ, ಹಲಗೆಯ ಮೂರು ನಾಲ್ಕು ಕಡೆ. ಒಂದು ಸುತ್ತು ಪೂರ್ತಿಯಾಗಿ ಬರೆದರೆ ಗೆರೆ ಎಲ್ಲ ದಿಕ್ಕಿನಲ್ಲೂ ಹಾದು ಹೋಗುತ್ತದೆ, ಹಲಗೆಯ ದೋಷಕ್ಕೆ ಅವಿತುಕೊಳ್ಳಲು ಜಾಗ ಸಿಗುವುದಿಲ್ಲ. ತಂತಿಗಳ ನಡುವಿನ ಲೆಕ್ಕಾಚಾರ ಸರಿಯಿಲ್ಲದ ಹಲಗೆಗಳಲ್ಲಿ ಓರೆಗೆರೆ ನಿಧಾನವಾಗಿ ಎಳೆದಾಗ ಸಣ್ಣ ಅಲೆಗಳು ಮೂಡುತ್ತವೆ. ನಿಮ್ಮ ಕೈ ನಡುಗಿತೋ ಹಲಗೆ ನಡುಗಿತೋ ಎಂಬ ಅನುಮಾನವಿದ್ದರೆ ಶಾಲಾ ಮಕ್ಕಳ ಪ್ಲಾಸ್ಟಿಕ್ ಸ್ಕೇಲು ಓರೆಯಾಗಿಟ್ಟು ಅದರ ಅಂಚಿನಲ್ಲಿ ಎಳೆಯಿರಿ. ಸ್ಟೀಲ್ ಸ್ಕೇಲು ಬೇಡ, ಲೋಹ ಕಾಂತಕ್ಷೇತ್ರವನ್ನು ಕೆಡಿಸುತ್ತದೆ. ‘ಗೆರೆ ನೇರ ಮಾಡುವ’ ಸ್ಟೆಬಿಲೈಸರ್ ಸೌಲಭ್ಯವನ್ನು ಮೊದಲೇ ಆಫ್ ಮಾಡಿರಬೇಕು. ಇಲ್ಲವಾದರೆ ತಂತ್ರಾಂಶ ಹಲಗೆಯ ತಪ್ಪನ್ನು ತಿದ್ದಿ ತೋರಿಸುತ್ತದೆ.

ಬರೆದ ‘ಠ’ ದುಂಡಗೆ ಬರದೆ ಅಡ್ಡಕ್ಕೆ ಉಬ್ಬಿದ್ದರೆ ಗಾಬರಿ ಬೇಡ. ಎಚ್640ಪಿಯಂಥ ಹಲಗೆಯ ಬರೆಯುವ ಜಾಗ 160 ಮಿಲಿಮೀಟರ್ ಅಗಲ, 100 ಎತ್ತರ. ಪರದೆ 1920ಕ್ಕೆ 1080 ಪಿಕ್ಸೆಲ್. ಅಡ್ಡಕ್ಕೆ ಒಂದು ಮಿಲಿಮೀಟರಿಗೆ 12 ಪಿಕ್ಸೆಲ್ ಬಂದರೆ ಉದ್ದಕ್ಕೆ 10.8. ಕೈ ದುಂಡಗೆ ಸುತ್ತಿದರೂ ಪರದೆಯಲ್ಲಿ ಸುತ್ತು ಶೇಕಡಾ 11ರಷ್ಟು ಅಗಲವಾಗುತ್ತದೆ. ಡ್ರೈವರಿನಲ್ಲಿ ಅನುಪಾತ ಸರಿಪಡಿಸುವ ಗುಂಡಿಯೊಂದಿದೆ. ಅದನ್ನು ಒತ್ತಿದರೆ ಹಲಗೆಯ ಕೆಳಗಿನ 10 ಮಿಲಿಮೀಟರ್ ಕೆಲಸ ಮಾಡುವುದಿಲ್ಲ, ಆದರೆ ದುಂಡು ದುಂಡಾಗಿಯೇ ಬರುತ್ತದೆ. ಈ ಗುಂಡಿ ಗೊತ್ತಿಲ್ಲದೆ ತಿಂಗಳುಗಟ್ಟಲೆ ಬರೆದು, ತನ್ನ ಕೈಯೇ ಸರಿಯಿಲ್ಲವೆಂದು ಟ್ಯಾಬ್ಲೆಟ್ಟನ್ನು ಅಟ್ಟಕ್ಕೆ ಹಾಕಿದವರಿದ್ದಾರೆ.

ಗಾತ್ರದ ಮಾತು. ದೊಡ್ಡದು ಒಳ್ಳೆಯದೋ ಚಿಕ್ಕದೋ ಎಂಬ ಪ್ರಶ್ನೆಗೆ ಉತ್ತರ ನಿಮ್ಮ ತೋಳಿನಲ್ಲಿದೆ. 160 ಮಿಲಿಮೀಟರ್ ಹಲಗೆಯ ಮೇಲಿನ ಗೆರೆ 15.6 ಇಂಚಿನ ಲ್ಯಾಪ್‌ಟಾಪ್ ಪರದೆಯಲ್ಲಿ ಎರಡು ಪಟ್ಟಿಗೂ ಮಿಕ್ಕಿ ಹಿಗ್ಗುತ್ತದೆ, ಕೈಯ ನಡುಕವೂ ಅಷ್ಟೇ ಹಿಗ್ಗುತ್ತದೆ. ಚಿಕ್ಕ ಹಲಗೆಯಲ್ಲಿ ಮಣಿಕಟ್ಟಿನಿಂದ ಬರೆಯುತ್ತೀರಿ. 10 ಇಂಚಿನದರಲ್ಲಿ ಮೊಣಕೈ ಆಡುತ್ತದೆ. ಬೋರ್ಡು ಬರೆದು, ಗೋಡೆ ಬರೆದು ಅಭ್ಯಾಸವಿದ್ದವರ ಗೆರೆ ಭುಜದಿಂದ ಬರುತ್ತದೆ, ಅವರಿಗೆ ಚಿಕ್ಕ ಹಲಗೆ ಕೈ ಕಟ್ಟಿಹಾಕಿದಂತೆ. ನೋಟ್‌ಬುಕ್ಕಿನ ಅಂಚಿನಲ್ಲಿ ಗೀಚಿ ಕಲಿತವರಿಗೆ ಚಿಕ್ಕದೇ ಹಿತ. ಫೋಟೋ ತಿದ್ದುವ ಸ್ಟುಡಿಯೋದವರಿಗೂ ಚಿಕ್ಕದು ಸಾಕು, ಮೇಜಿನ ಮೇಲೆ ಜಾಗವೂ ಉಳಿಯುತ್ತದೆ. ಎಡಗೈಯವರು ಹಲಗೆಯನ್ನು ತಿರುಗಿಸಿಟ್ಟು ಡ್ರೈವರಿನಲ್ಲಿ ಹಾಗೆಂದು ಹೇಳಿದರಾಯಿತು.

ಪರದೆಯ ಮೇಲೇ ಬರೆಯುವ ಪೆನ್ ಡಿಸ್‌ಪ್ಲೇ ಕೊಳ್ಳಬೇಕೇ? ಆಸೆ ಎಲ್ಲರಿಗೂ ಇರುತ್ತದೆ. ಕೈ ಬರೆಯುವಲ್ಲೇ ಕಣ್ಣು ನೋಡುತ್ತದೆ, ಕಲಿಯುವ ಕಷ್ಟವಿಲ್ಲ. ಆದರೆ ಅದರ ಬೆಲೆ ಸಾದಾ ಹಲಗೆಯ ಹಲವು ಪಟ್ಟು. ಅಗ್ಗದ ಮಾದರಿಗಳಲ್ಲಿ ಗಾಜಿಗೂ ಚಿತ್ರ ಮೂಡುವ ಪದರಕ್ಕೂ ನಡುವೆ ಅಂತರವಿದ್ದು, ಓರೆಯಿಂದ ನೋಡಿದಾಗ ಮೊನೆ ಒಂದು ಕಡೆ, ಗೆರೆ ಇನ್ನೊಂದು ಕಡೆ ಕಾಣುತ್ತದೆ. ಇಡೀ ದಿನ ಬಗ್ಗಿ ಬರೆದರೆ ಕುತ್ತಿಗೆ ಹಿಡಿದುಕೊಳ್ಳುವುದು ಬೇರೆ. ಸಾದಾ ಹಲಗೆಯಲ್ಲಿ ಕೈ ಕೆಳಗೆ, ಕಣ್ಣು ಮೇಲೆ. ಮೊದಮೊದಲು ಪೆನ್ನು ಯಾರದೋ ಕೈಯಲ್ಲಿದೆ ಅನಿಸುತ್ತದೆ. ಕಣ್ಣಿನ ಲೆಕ್ಕಕ್ಕೂ ಕೈಯ ಲೆಕ್ಕಕ್ಕೂ ಹೊಸ ಹೊಂದಾಣಿಕೆ ಮಾಡಿಕೊಳ್ಳುವ ಕೆಲಸ ಮೆದುಳಿನದು, ಅದು ಅಭ್ಯಾಸದಿಂದ ಬೇಗನೆ ಮಾಡಿಕೊಳ್ಳುತ್ತದೆ. ಮೌಸ್ ಹಿಡಿಯುವಾಗಲೂ ನಾವು ಕೈ ನೋಡುವುದಿಲ್ಲವಷ್ಟೆ.

ಉಳಿದ ದುಡ್ಡು ಕಂಪ್ಯೂಟರಿನ ಪರದೆಗೆ ಹೋಗಲಿ ಎನ್ನುವವನು ನಾನು. ಎಚ್.ಡಿ. ಕೋಟೆಯ ಕಬಿನಿ ಹಿನ್ನೀರಿನ ಕಾಡಿಗೆ ಹೆಸರು ತಂದ ಕರಿಚಿರತೆಯನ್ನೇ ತೆಗೆದುಕೊಳ್ಳಿ. ಅದು ಪೂರ್ತಿ ಕಪ್ಪಲ್ಲ. ಬಿಸಿಲು ಬಿದ್ದಾಗ ಕಪ್ಪಿನೊಳಗೇ ಕಂದುಗಪ್ಪಿನ ಚುಕ್ಕೆಗಳು ಕಾಣುತ್ತವೆ, ಚಿರತೆ ಎಂದು ಗುರುತು ಹೇಳುವುದು ಅವೇ. ಅಗ್ಗದ ಲ್ಯಾಪ್‌ಟಾಪಿನ ಪರದೆಯಲ್ಲಿ ಆ ಚುಕ್ಕೆ ಬರೆಯಲು ಹೋದರೆ ಎಲ್ಲವೂ ಒಂದೇ ಮಸಿ. ತಲೆ ಸ್ವಲ್ಪ ಎತ್ತಿದರೆ ಬೂದು, ಇಳಿಸಿದರೆ ಮತ್ತೆ ಮಸಿ. ಟಿಎನ್ ಮಾದರಿಯ ಪರದೆಗಳ ಹುಟ್ಟುಗುಣ ಇದು, ಕೊಳ್ಳುವಾಗ ಐಪಿಎಸ್ ಎಂದು ಕೇಳಿ ಪಡೆಯಬೇಕು. ಹುಣಸೂರು ಸೀಮೆಯ ಹೊಗೆಸೊಪ್ಪಿನ ಹರಾಜು ಕಟ್ಟೆಯಲ್ಲಿ ಎಲೆಯ ದರ್ಜೆಯನ್ನು ಬಣ್ಣ ನೋಡಿಯೇ ಹೇಳುತ್ತಾರೆ. ಬ್ಯಾರನ್ನಿನಲ್ಲಿ ದಿನಗಟ್ಟಲೆ ಬೆಂದ ಎಲೆ ನಿಂಬೆಹಳದಿಯೋ, ಕಿತ್ತಳೆಯೋ, ಕಂದಿಗೆ ತಿರುಗಿತೋ ಎಂಬುದರ ಮೇಲೆ ರೇಟು. ಅಂಥ ಕಣ್ಣಿರುವ ರೈತನ ಮುಂದೆ, ಎಸ್‌ಆರ್‌ಜಿಬಿ ಎಂಬ ಬಣ್ಣಗಳ ಅಳತೆಯಲ್ಲಿ ಮೂರನೇ ಎರಡು ಭಾಗವನ್ನಷ್ಟೇ ತೋರಿಸುವ ಪರದೆಯಲ್ಲಿ ಬರೆದ ಹೊಗೆಸೊಪ್ಪಿನ ಚಿತ್ರ ಇಟ್ಟರೆ ಅವನು ನಗುತ್ತಾನೆ. 8192 ಹಂತದ ಪೆನ್ನು ಇದಕ್ಕೆ ಏನೂ ಮಾಡಲಾರದು.

ಕರೆಂಟಿನ ವಿಷಯ ಹೇಳದೆ ಬಿಟ್ಟರೆ ನಮ್ಮ ಊರುಗಳ ಮಟ್ಟಿಗೆ ಈ ಅಧ್ಯಾಯ ಅರ್ಧವಾಗುತ್ತದೆ. ಸಾದಾ ಪೆನ್ ಟ್ಯಾಬ್ಲೆಟ್ಟು ಯುಎಸ್‌ಬಿ ತಂತಿಯಿಂದಲೇ ಬದುಕುತ್ತದೆ, ಅದರ ಹಸಿವು ತೀರ ಕಡಿಮೆ. ಕರೆಂಟು ಹೋದರೂ ಲ್ಯಾಪ್‌ಟಾಪಿನ ಬ್ಯಾಟರಿ ಇರುವವರೆಗೆ ಬರೆಯಬಹುದು. ಪೆನ್ ಡಿಸ್‌ಪ್ಲೇಗೆ ಅದರ ಹತ್ತಾರು ಪಟ್ಟು ಬೇಕು, ಹಲವಕ್ಕೆ ಪ್ರತ್ಯೇಕ ಅಡಾಪ್ಟರ್ ಇರುತ್ತದೆ. ಸೆಸ್ಕ್‌ನವರು ಲೈನ್ ಕೆಲಸಕ್ಕೆಂದು ಕರೆಂಟು ತೆಗೆದ ದಿನ ಸುಮ್ಮನೆ ಕೂರಬೇಕು.

ಇದಕ್ಕಿಂತ ಗುಪ್ತವಾದ ಕಾಟ ಅರ್ತಿಂಗ್ ಇಲ್ಲದ ಮನೆಗಳದು. ಲ್ಯಾಪ್‌ಟಾಪ್ ಚಾರ್ಜಿಗೆ ಹಾಕಿ ಮೈ ಸವರಿದರೆ ಜುಮ್ ಎನ್ನುತ್ತದಲ್ಲ, ಅದನ್ನು ಬಹಳ ಜನ ಬಲ್ಲರು. ಚಾರ್ಜರಿನೊಳಗೆ ಗದ್ದಲ ತಡೆಯಲೆಂದು ಇಟ್ಟ ಪುಟ್ಟ ಕಂಡೆನ್ಸರುಗಳ ಮೂಲಕ ಮುಖ್ಯ ಲೈನಿನಿಂದ ಅತ್ಯಲ್ಪ ವಿದ್ಯುತ್ತು ಸೋರುತ್ತದೆ. ಮೂರನೇ ಪಿನ್ನು ನೆಲಕ್ಕೆ ಸೇರಿದ್ದರೆ ಅದು ಹರಿದು ಹೋಗುತ್ತಿತ್ತು. ಎರಡು ಪಿನ್ನಿನ ಪ್ಲಗ್ಗಿಗೆ ಸಿಕ್ಕಿಸಿದ್ದರೆ, ಅಥವಾ ಗೋಡೆಯ ಸಾಕೆಟ್ಟಿನಲ್ಲಿ ಅರ್ತ್ ತಂತಿಯೇ ಇಲ್ಲದಿದ್ದರೆ, ಲ್ಯಾಪ್‌ಟಾಪಿನ ಮೈಯಲ್ಲೇ ತೇಲಾಡುತ್ತದೆ. ಪೆನ್ನಿನ ಪಿಸುದನಿಯನ್ನು ಆಲಿಸಬೇಕಾದ ಹಲಗೆಗೆ ಅದೊಂದು ಗದ್ದಲ. ಗೆರೆ ಅದುರುತ್ತದೆ, ಬಾಣ ನಿಂತಲ್ಲೇ ಕುಣಿಯುತ್ತದೆ. ಚಾರ್ಜರ್ ಕಿತ್ತ ಕೂಡಲೇ ಗೆರೆ ನೆಟ್ಟಗಾದರೆ ದೋಷ ಟ್ಯಾಬ್ಲೆಟ್ಟಿನದಲ್ಲ, ಮನೆಯ ವೈರಿಂಗಿನದು. ಇದ್ದಿಲು, ಉಪ್ಪು ಹಾಕಿ ಅರ್ತ್ ಗುಂಡಿ ಮಾಡಿಸುವ ಖರ್ಚು ಹೊಸ ಟ್ಯಾಬ್ಲೆಟ್ಟಿನ ಖರ್ಚಿಗಿಂತ ಮೊದಲು ಬರಬೇಕು. ಮನೆಯವರ ಜೀವಕ್ಕೂ ಅದು ಬೇಕು. ಚಾರ್ಜಾಗುತ್ತಿರುವ ಮೊಬೈಲನ್ನೂ ಹಲಗೆಯ ಪಕ್ಕ ಇಡಬೇಡಿ.

ಕಂಪ್ಯೂಟರೇ ಇಲ್ಲದವರು? ಹಳ್ಳಿಗಳಿಂದ ಕಾಲೇಜಿಗೆ ಬರುವ ಮಕ್ಕಳ ಕೈಯಲ್ಲಿ ಇರುವುದು ಆಂಡ್ರಾಯ್ಡ್ ಫೋನು ಮಾತ್ರ. ಅವರಿಗೂ ದಾರಿಯಿದೆ. ಈಗಿನ ಅನೇಕ ಟ್ಯಾಬ್ಲೆಟ್ಟುಗಳು ಒಂದು ಪುಟ್ಟ ಓಟಿಜಿ ಕನೆಕ್ಟರಿನ ಮೂಲಕ ಫೋನಿಗೆ ಕೂಡುತ್ತವೆ, ಕನೆಕ್ಟರ್ ಎಷ್ಟೋ ಸಲ ಪೆಟ್ಟಿಗೆಯಲ್ಲೇ ಇರುತ್ತದೆ. ಫೋನನ್ನು ನಿಲ್ಲಿಸಿ ಹಿಡಿದರೆ ಹಲಗೆಯ ಒಂದು ಭಾಗ ಮಾತ್ರ ಕೆಲಸ ಮಾಡುವ ಮಾದರಿಗಳಿವೆ, ಹೆದರಬೇಡಿ, ಅದು ಕೆಟ್ಟಿಲ್ಲ. ಆರು ಇಂಚಿನ ಫೋನಿನ ಪರದೆ ನೋಡಿಕೊಂಡು ದೊಡ್ಡ ಚಿತ್ರ ಬರೆಯುವುದು ಕಣ್ಣಿಗೆ ಶಿಕ್ಷೆ, ನಿಜ. ಆದರೆ ಗೆರೆ ಪಳಗಿಸಿಕೊಳ್ಳಲು ಸಾಕು, ಮುಂದೆ ಕಂಪ್ಯೂಟರ್ ಬಂದಾಗ ಅದೇ ಹಲಗೆ ನಡೆಯುತ್ತದೆ. ಕಂಪ್ಯೂಟರಿನಲ್ಲಿ ತಂತ್ರಾಂಶಕ್ಕೆ ದುಡ್ಡು ಹಾಕುವ ಅಗತ್ಯವಿಲ್ಲ, ಕದ್ದ ಫೋಟೋಶಾಪೂ ಬೇಡ. ಚಿತ್ರಗಾರರಿಗೆಂದೇ ಮಾಡಿದ ಕ್ರಿಟಾ ಉಚಿತ, ಮುಕ್ತ ತಂತ್ರಾಂಶ. ಗೆರೆಯ ಕೆಲಸಕ್ಕೆ, ಲೋಗೋಗಳಿಗೆ ಇಂಕ್‌ಸ್ಕೇಪ್ ಇದೆ.

ಸಣ್ಣಪುಟ್ಟ ಎರಡು ಮಾತು. ಮೊನೆ ಪ್ಲಾಸ್ಟಿಕ್ಕಿನದು, ಒರಟು ಹಲಗೆಯ ಮೇಲೆ ಸವೆಯುತ್ತದೆ. ಬದಲಿ ಮೊನೆಗಳು ಎಷ್ಟಿವೆ, ಆಮೇಲೆ ಸಿಗುತ್ತವೆಯೇ ಎಂದು ಕೇಳಿಕೊಳ್ಳಿ. ಒಂದು ಕಂಪನಿಯ ಡ್ರೈವರ್ ಇರುವಾಗಲೇ ಇನ್ನೊಂದರದ್ದು ಹಾಕಿದರೆ ಎರಡೂ ಜಗಳವಾಡಿ ಒತ್ತಡ ಕೆಲಸ ಮಾಡುವುದಿಲ್ಲ, ಹಳೆಯದನ್ನು ತೆಗೆದು ಹೊಸದು ಹಾಕಿ.

ಹಾಗಾಗಿ ಈ ನಾಲ್ಕು ತಾಲ್ಲೂಕಿನಲ್ಲಿ ಕೂತು ಮೊದಲ ಸಲ ಕೊಳ್ಳುವವರಿಗೆ ನನ್ನ ತೀರ್ಪು ಇಷ್ಟು. ಪರದೆಯಿಲ್ಲದ, ಸೆಲ್ಲಿಲ್ಲದ ಪೆನ್ನಿನ ಹಲಗೆ ತೆಗೆದುಕೊಳ್ಳಿ. ಫೋಟೋ ತಿದ್ದುವವರು, ಪುಸ್ತಕದ ಗಾತ್ರದ ಚಿತ್ರ ಬರೆಯುವವರು 6 ಇಂಚಿನದು, ಬ್ಯಾನರಿನವರು 10 ಇಂಚಿನದು. ಒತ್ತಡದ ಹಂತ 2048ಕ್ಕಿಂತ ಮೇಲಿದ್ದರೆ ಆ ಅಂಕಿಯನ್ನು ಮರೆತುಬಿಡಿ. ಪೆನ್ನಿನ ಭಾರಕ್ಕೆ ಗೆರೆ ಬರುತ್ತದೆಯೇ, ಓರೆಗೆರೆ ನೆಟ್ಟಗಿದೆಯೇ ಎಂಬ ಎರಡನ್ನು ಮಾತ್ರ ನೋಡಿ. ಹುಣಸೂರಿನಲ್ಲೋ ಕೋಟೆಯಲ್ಲೋ ಅಂಗಡಿಯಲ್ಲಿ ತೆರೆದು ನೋಡಲು ಸಿಗುವುದು ಅಪರೂಪ. ಮೈಸೂರಿಗೆ ಹೋದಾಗ ಚಾಮರಾಜೇಂದ್ರ ದೃಶ್ಯಕಲಾ ಅಕಾಡೆಮಿಯಲ್ಲಿ ಓದುವ ಗೆಳೆಯರೋ, ಅನಿಮೇಷನ್ ಕಲಿಯುವ ನೆಂಟರ ಮಕ್ಕಳೋ ಇದ್ದರೆ ಅವರ ಹಲಗೆಯ ಮೇಲೆ ಒಂದು ಗಂಟೆ ಗೀಚಿ ನೋಡಿ. ಆನ್‌ಲೈನಿನಲ್ಲಿ ತರಿಸುವುದಾದರೆ ವಾಪಸು ಕಳಿಸುವ ಅವಧಿ ಎಷ್ಟು ದಿನವೆಂದು ಮೊದಲೇ ಓದಿಕೊಳ್ಳಿ, ಪೆಟ್ಟಿಗೆ ಬಂದ ದಿನವೇ ಪೆನ್ನಿನ ಭಾರದ ಪರೀಕ್ಷೆ ಮಾಡಿ, ಸರಿಯಿಲ್ಲದಿದ್ದರೆ ಮುಲಾಜಿಲ್ಲದೆ ವಾಪಸು ಕಳಿಸಿ.